ತಮ್ಮನ ಬೆನ್ನು ನೋಡಿದ್ದೀಯಾ?

ಕೊಪ್ಪಳ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗವಿಮಠದ ಜಾತ್ರೆಗೆ ನಿನ್ನ ತಮ್ಮ ಬಂದು ಹೋದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಮೂರೇ ತಿಂಗಳಲ್ಲಿ ಭುಜ, ತೋಳು ಹೇಗೆ ತುಂಬಿವೆ ನೋಡಿ ಅಂತ ನಿಮ್ಮವ್ವ ಹಿಗ್ಗುತ್ತಿದ್ದಳು. ನಾನೂ ಗರಡಿಮನೆಯಲ್ಲಿ ಸಾಮು ಮಾಡಿದವನು. ಮೈ ಕಟ್ಟೋಕೆ ವರ್ಷಗಟ್ಟಲೆ ಬೇಕು, ಮಗಳೇ.

ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಅವನ ಬೆನ್ನು ಕಂಡಿತು. ಭುಜದಿಂದ ಸೊಂಟದವರೆಗೆ ಕೆಂಪು ಮೊಡವೆ. ಬಿಚ್ಚಿಟ್ಟ ಬನಿಯನ್ ತುಂಬ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆ. ಮುಖ ಊದಿತ್ತು. ಮಂಡಕ್ಕಿ ಒಗ್ಗರಣೆಗೆ ಉಪ್ಪು ಕಡಿಮೆ ಅಂತ ತಟ್ಟೆ ನೂಕಿ ಎದ್ದುಹೋದ. ಅವನು ಅಂಥ ಹುಡುಗ ಅಲ್ಲ, ಅಲ್ವಾ?

ಈ ವಯಸ್ಸಿಗೆ ಮೊಡವೆ ಸಹಜ, ಸಿಟ್ಟೂ ಸಹಜ. ಎಲ್ಲ ಒಟ್ಟಿಗೆ ಬಂದಿದ್ದಕ್ಕೆ, ಮೈ ಕಟ್ಟೋಕೆ ಅವನು ಸ್ಟೀರಾಯ್ಡ್ ಚುಚ್ಚಿಕೊಳ್ತಿದ್ದಾನೆ ಅಂತ ನನಗೆ ಅನುಮಾನ. ಕೂದಲು ಜಾಸ್ತಿ ಉದುರುತ್ತಿದೆಯಾ, ನಿದ್ದೆ ಬರ್ತಿದೆಯಾ, ರೂಮಿನಲ್ಲಿ ಸಿರಿಂಜ್ ಇದೆಯಾ ನೋಡು. ಕೆಲವರಿಗೆ ಎದೆ ಹೆಣ್ಣುಮಕ್ಕಳ ಹಾಗೆ ಉಬ್ಬುತ್ತದೆ. ಅದನ್ನು ಅವನು ಅಕ್ಕನಿಗೆ ಹೇಳೋದಿಲ್ಲ, ದೊಗಳೆ ಅಂಗಿ ಹಾಕ್ಕೊಂಡು ಮುಚ್ಚಿಡ್ತಾನೆ. ಕಣ್ಣು ಹಳದಿಯಾದರೆ, ಎದೆ ನೋವು ಅಂದರೆ ಮಾತ್ರ ಒಂದು ದಿನವೂ ಕಾಯಬೇಡ.

'ನೀವೂ ದಮ್ಮಿಗೆ ಸ್ಟೀರಾಯ್ಡ್ ತಗೋತೀರಲ್ಲ' ಅಂತ ಅವನು ವಾದಿಸಬಹುದು. ನನಗೆ ಡಾಕ್ಟರ್ ಕೊಡೋ ಸ್ಟೀರಾಯ್ಡೇ ಬೇರೆ. ಜಿಮ್ ಹುಡುಗರು ಚುಚ್ಚಿಕೊಳ್ಳೋದು ಗಂಡಸಿನ ಹಾರ್ಮೋನ್. ಹೊರಗಿನಿಂದ ಅದು ಬರ್ತಾ ಇದ್ದರೆ ಮೈ ತನ್ನದನ್ನು ತಯಾರಿಸೋದು ನಿಲ್ಲಿಸುತ್ತದೆ. ಬಿಟ್ಟ ಮೇಲೆ ಎರಡೂ ಇಲ್ಲ. ತಿಂಗಳುಗಟ್ಟಲೆ ಮನಸ್ಸು ಕುಸಿಯುತ್ತದೆ, ಸಾಯೋ ಯೋಚನೆಯೂ ಬರಬಹುದು. ನನಗೆ ಹೆದರಿಕೆ ಇರೋದು ಅದಕ್ಕೇ. ಆದ್ದರಿಂದ ಸಿಟ್ಟಿನಲ್ಲಿ ಬಾಟಲಿ ಎತ್ತಿ ಮೋರಿಗೆ ಎಸೀಬೇಡ. ಹೇಗೆ ಬಿಡಿಸಬೇಕು ಅಂತ ಡಾಕ್ಟರೇ ಹೇಳಲಿ. ಬಿಪಿ, ಲಿವರ್, ಹೃದಯ ಎಲ್ಲ ಪರೀಕ್ಷೆ ಆಗಬೇಕು.

ಅವನ ಗೆಳೆಯರ ಮುಂದೆ ಕೇಳಬೇಡ. ಊಟ ಆದ ಮೇಲೆ ಮಹಡಿಗೆ ಕರಕೊಂಡು ಹೋಗು. 'ನಿನ್ನ ಬೆನ್ನು ನೋಡಿ ದೊಡ್ಡಪ್ಪ ಹೆದರಿದ್ದಾರೆ' ಅಂತ ನನ್ನ ಮೇಲೇ ಹಾಕು. ಅವನು ಒಪ್ಪದಿದ್ದರೂ ಜಗಳ ಬೇಡ, ಎರಡು ದಿನ ಬಿಟ್ಟು ಮತ್ತೆ ಕೇಳು. ಮನಸ್ಸು ತೀರಾ ಕುಗ್ಗಿದ್ದು ಕಂಡರೆ ಅವನನ್ನು ಒಬ್ಬನೇ ಬಿಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ.

ಸೋಮವಾರ ಬೆಳಗಿನ ಬಸ್ಸಿಗೆ ನಾನು ಬಳ್ಳಾರಿಗೆ ಬರುತ್ತೇನೆ. ಹಿಂದೆ ವಿಮ್ಸ್ ಅಂತಿದ್ದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಅವನ ಜೊತೆ ನಾನೇ ಕೂರುತ್ತೇನೆ. ಅಲ್ಲಿಯವರೆಗೆ ನಿಮ್ಮಪ್ಪನಿಗೆ ಹೇಳಬೇಡ. ಅವನು ಮೊದಲು ಕೈ ಎತ್ತುತ್ತಾನೆ.

ಇಂತಿ,
ನಿನ್ನ ದೊಡ್ಡಪ್ಪ