ಬ್ಯಾಂಕ್ ಕ್ಯಾಷಿಯರ್‌ಗೆ ಕುರ್ಚಿ ಇದೆ, ಮಾಲಿನ ಕ್ಯಾಷಿಯರ್‌ಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ದೊಡ್ಡ ಅಂಗಡಿಗಳ ಬಗ್ಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಲೇಖನ ಓದಿದೆ. ವಾಲ್‌ಮಾರ್ಟ್ ಕಂಪನಿಯ ಧ್ಯೇಯವನ್ನು ಬಹಳ ಮೆಚ್ಚಿ ಬರೆದಿದ್ದೀರಿ. ಜನರ ದುಡ್ಡು ಉಳಿಸುವುದು, ಅದರಿಂದ ಅವರು ಚೆನ್ನಾಗಿ ಬದುಕುವ ಹಾಗೆ ಮಾಡುವುದು. ಕೇಳೋಕೆ ಚೆನ್ನಾಗಿದೆ. ನಮ್ಮ ಬೆಂಗಳೂರಿನ ದೊಡ್ಡ ಅಂಗಡಿಗಳೂ ಬಾಗಿಲಲ್ಲೇ ಇಂಥದ್ದೇ ಏನಾದರೂ ಬರೆದು ಹಾಕಿಕೊಂಡಿರುತ್ತವೆ, ಗ್ರಾಹಕರೇ ದೇವರು, ಸಿಬ್ಬಂದಿಯೇ ನಮ್ಮ ಕುಟುಂಬ ಅಂತೆಲ್ಲ. ಆದರೆ ಲೇಖನ ಪೂರ್ತಿ ಓದಿದ ಮೇಲೂ ನನಗೆ ಒಂದು ವಿಷಯ ಗೊತ್ತಾಗಲಿಲ್ಲ. ಚೆನ್ನಾಗಿ ಬದುಕಬೇಕಾದವರು ಯಾರು? ಕೊಳ್ಳುವವರು ಮಾತ್ರಾನಾ, ಅಲ್ಲೇ ದಿನವಿಡೀ ನಿಂತು ಮಾರುವವರೂನಾ?

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಬೆಲೆ ಕಡಿಮೆ ಅನ್ನುವುದು ಸುಳ್ಳಲ್ಲ. 1962ರಲ್ಲಿ ಸ್ಯಾಮ್ ವಾಲ್ಟನ್ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ರೋಜರ್ಸ್ ಅನ್ನುವ ಸಣ್ಣ ಊರಿನಲ್ಲಿ ಮೊದಲ ವಾಲ್‌ಮಾರ್ಟ್ ತೆರೆದಾಗ ಹಿಡಿದ ದಾರಿ ಸರಳವಾಗಿತ್ತು. ಒಂದೊಂದು ವಸ್ತುವಿನ ಮೇಲೆ ಲಾಭ ಕಡಿಮೆ ಇಟ್ಟುಕೋ, ವ್ಯಾಪಾರ ಜಾಸ್ತಿ ಮಾಡು. ದೊಡ್ಡ ಪೇಟೆಯವರು ಕಡೆಗಣಿಸಿದ್ದ ಸಣ್ಣ ಊರುಗಳ ಜನರಿಗೆ ಅದರಿಂದ ನಿಜಕ್ಕೂ ಅನುಕೂಲ ಆಯಿತು. ನಮ್ಮಲ್ಲೂ ಅಷ್ಟೇ. ತಿಂಗಳ ಸಾಮಾನಿಗೆ ಹೋದರೆ ತೊಗರಿಬೇಳೆ, ಎಣ್ಣೆ, ಸೋಪಿನ ಪುಡಿ ಇವುಗಳಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಪಿಂಚಣಿ ಮೇಲೆ ಬದುಕುವ ನನ್ನಂಥವರಿಗೆ ಆ ನಾಲ್ಕು ಕಾಸು ಮುಖ್ಯ.

ಆದರೆ ಬಿಲ್ಲಿನ ಕೆಳಗೆ 'ನೀವು ಇಂದು ಇಷ್ಟು ಉಳಿಸಿದ್ದೀರಿ' ಅಂತ ದಪ್ಪ ಅಕ್ಷರದಲ್ಲಿ ಬರುತ್ತದಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಲೆಕ್ಕ ಎಂಆರ್‌ಪಿ ಮೇಲೆ ಹಾಕಿದ್ದು. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವ ಮಿತಿ, ಅಷ್ಟೇ. ಅದೇ ಸರಿಯಾದ ಬೆಲೆ ಅಂತ ಯಾರೂ ಹೇಳಿಲ್ಲ. ತಯಾರಕರು ಎಂಆರ್‌ಪಿಯನ್ನು ಎತ್ತರಕ್ಕೆ ಇಟ್ಟಷ್ಟೂ ನಮ್ಮ 'ಉಳಿತಾಯ' ದೊಡ್ಡದಾಗಿ ಕಾಣುತ್ತದೆ. ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು, ಕೆಜಿಗೆ ಎಷ್ಟು ಅಂತ ಈಗ ಸಣ್ಣದಾಗಿ ಹಾಕಿರುತ್ತಾರೆ. ಅದನ್ನು ನೋಡಿ ಕೊಳ್ಳಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಇನ್ನು ಸಣ್ಣಪುಟ್ಟ ಕಿರಿಕಿರಿಗಳು ಎಲ್ಲರಿಗೂ ಗೊತ್ತಿರುವುದೇ. ಕೈಚೀಲಕ್ಕೆ ಬೇರೆ ದುಡ್ಡು. ಮೊದಲೇ ಹೇಳದೆ ಕೌಂಟರಿನಲ್ಲಿ ಚೀಲದ ಹಣ ಹಾಕುವುದು ಸರಿಯಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿತು. ಆಮೇಲೆ ಮೊಬೈಲ್ ನಂಬರ್. ಒಂದು ಪೊರಕೆ ಕೊಳ್ಳೋಕೂ ನನ್ನ ನಂಬರ್ ಯಾಕೆ ಬೇಕು ಸ್ವಾಮಿ? ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚನೆ ಕೊಟ್ಟಿದೆ. ಇವತ್ತಿಗೂ ಕೇಳುತ್ತಾರೆ. ಕೇಳುವ ಹುಡುಗಿಯ ಮೇಲೆ ರೇಗಿ ಪ್ರಯೋಜನ ಇಲ್ಲ. ನಂಬರ್ ಇಲ್ಲದ ಬಿಲ್ಲು ಜಾಸ್ತಿ ಆದರೆ ಅವಳಿಗೇ ಬೈಗುಳ.

ನಾನು ನಿಜವಾಗಿ ಬರೆಯಬೇಕು ಅಂದುಕೊಂಡಿದ್ದು ಆ ಹುಡುಗಿಯ ಬಗ್ಗೆ.

ನಮ್ಮ ಕೆಳಗಿನ ಮನೆಯವರ ಮಗಳು ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ, ಅವಳ ಕೆಲಸಕ್ಕೆ ಸಂಚಕಾರ ಬರಬಾರದು. ಮೈಮೇಲಿನ ಟೀ ಶರ್ಟಿನಲ್ಲಿ ಅಂಗಡಿಯ ಹೆಸರಿದೆ, ಆದರೆ ಸಂಬಳ ಹಾಕುವುದು ಯಾವುದೋ ಏಜೆನ್ಸಿ. 'ಆಂಟಿ, ನಾನು ಅಲ್ಲಿ ಕೆಲಸ ಮಾಡ್ತೀನಿ ಅಷ್ಟೇ, ಅಲ್ಲಿಯವಳಲ್ಲ' ಅಂದಳು ಒಂದು ಸಲ. ಕುಟುಂಬ ಅಂತ ಗೋಡೆ ಮೇಲೆ ಬರೆದವರು ಇದಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ. ಶನಿವಾರ ಭಾನುವಾರ ರಜೆ ಕೇಳುವ ಹಾಗಿಲ್ಲ. ದಸರಾ, ದೀಪಾವಳಿ ಸೇಲ್ ಶುರುವಾದರೆ ವಾರದ ರಜೆಯೂ ಮುಂದಕ್ಕೆ ಹೋಗುತ್ತದೆ. ದಿನದ ಕೊನೆಗೆ ಕ್ಯಾಷ್ ಟ್ಯಾಲಿ ಆಗದಿದ್ದರೆ ಕಡಿಮೆ ಬಿದ್ದಿದ್ದು ಅವಳ ಸಂಬಳದಿಂದ ಹೋಗುತ್ತದೆ, ಒಂದು ಚೀಟಿ ಇಲ್ಲ, ಒಂದು ಮಾತು ಕೇಳುವುದಿಲ್ಲ. ಹೀಗೆ ಕಾರಣ ಹೇಳೋಕೆ ಅವಕಾಶ ಕೊಡದೆ ಸಂಬಳದಲ್ಲಿ ನಷ್ಟ ಹಿಡಿಯುವ ಹಾಗಿಲ್ಲ ಅಂತ ವೇತನದ ಕಾನೂನಿನಲ್ಲಿದೆ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿ ಕಾನೂನು ಪುಸ್ತಕ ಹಿಡಿದುಕೊಂಡು ಏಜೆನ್ಸಿಯವನ ಮುಂದೆ ನಿಲ್ಲೋಕಾಗುತ್ತಾ?

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು. ನಮಗೂ ಕ್ಯಾಷ್ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಿತ್ತು, ನಿಜ. ಆದರೆ ಅದಕ್ಕೇ ಅಂತ ಬೇರೆ ಭತ್ಯೆ ಇತ್ತು, ಯೂನಿಯನ್ ಇತ್ತು, ಮಧ್ಯಾಹ್ನ ಊಟಕ್ಕೆ ಕೌಂಟರ್ ಮುಚ್ಚುವ ಹಕ್ಕಿತ್ತು. ಅದಕ್ಕೆ ಜನರ ಕೈಲಿ ಬೈಸಿಕೊಂಡಿದ್ದೇವೆ ಬಿಡಿ! ಎಲ್ಲಕ್ಕಿಂತ ಮುಖ್ಯವಾಗಿ ಕುರ್ಚಿ ಇತ್ತು. ನಾನು ಕೂತು ನೋಟು ಎಣಿಸಿದ್ದಕ್ಕೆ ಯಾವ ಗ್ರಾಹಕರಿಗೂ ಅವಮಾನ ಆಗಲಿಲ್ಲ. ಅದೇ ದುಡ್ಡು, ಅದೇ ಲೆಕ್ಕ, ಅದೇ ಕ್ಯೂ. ಮಾಲಿನ ಕ್ಯಾಷಿಯರ್ ಮಾತ್ರ ಯಾಕೆ ನಿಂತೇ ಇರಬೇಕು? ಒಂದು ಅಂಗಡಿಯ ಮ್ಯಾನೇಜರನ್ನು ಕೇಳಿಯೂ ಬಿಟ್ಟೆ. 'ಕೂತರೆ ಸೋಮಾರಿ ಥರ ಕಾಣುತ್ತೆ ಮೇಡಂ' ಅಂದರು. ಇಷ್ಟು ದೊಡ್ಡ ಕಂಪನಿಗೆ ಕೊನೆಗೆ ಸಿಕ್ಕ ಕಾರಣ ಇದು.

ದಿನವಿಡೀ ನಿಂತರೆ ಏನಾಗುತ್ತದೆ ಅಂತ ಬಟ್ಟೆ ಅಂಗಡಿಯಲ್ಲಿ ದುಡಿದ ಯಾರನ್ನಾದರೂ ಕೇಳಿ. ಕಾಲು ಬಾವು, ಸೊಂಟ ನೋವು, ಮೀನಖಂಡದ ನರ ಉಬ್ಬುವುದು. ಶೌಚಾಲಯಕ್ಕೆ ಹೋಗಲು ಪದೇ ಪದೇ ಅನುಮತಿ ಕೇಳಬೇಕಾಗುತ್ತದೆ ಅಂತ ನೀರೇ ಕಡಿಮೆ ಕುಡಿಯುವವರಿದ್ದಾರೆ. ಕೇರಳದಲ್ಲಿ ಹೋರಾಟ ಶುರುವಾಗಿದ್ದೇ ಇಲ್ಲಿಂದ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ಬರೆಯಿತು. 2021ರಲ್ಲಿ ತಮಿಳುನಾಡೂ ತಂದಿತು. ನಮ್ಮದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಹೆಚ್ಚುವರಿ ದುಡಿದರೆ ಎರಡು ಪಟ್ಟು ಸಂಬಳ, ವಾರಕ್ಕೊಂದು ರಜೆ ಅಂತ ಆಗಲೇ ಚೆನ್ನಾಗಿ ಬರೆದಿದ್ದರು. 2025ರಲ್ಲಿ ನಮ್ಮ ಕಾರ್ಮಿಕ ಇಲಾಖೆ ಇದನ್ನು ತಿದ್ದಬೇಕು ಅಂದಾಗ ಕುರ್ಚಿ ನೆನಪಾಗಲಿಲ್ಲ, 9 ಗಂಟೆಯನ್ನು 10 ಮಾಡುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘದವರು ಬೀದಿಗಿಳಿದು ಗಲಾಟೆ ಮಾಡಿದರು. ಅಂಗಡಿ ಹುಡುಗಿಯರ ಪರ ಗಲಾಟೆ ಮಾಡೋಕೆ ಯಾರಿದ್ದಾರೆ?

ಸಂಬಳದ ವಿಷಯಕ್ಕೆ ಬರೋಣ. ವಾಲ್‌ಮಾರ್ಟಿನಲ್ಲಿ ಪ್ರಪಂಚದಾದ್ಯಂತ ಸುಮಾರು 21 ಲಕ್ಷ ಜನ ಕೆಲಸ ಮಾಡುತ್ತಾರೆ. ಅಮೆರಿಕ ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟಿತು. ಕೆಲಸದಲ್ಲಿದ್ದೂ ಸರ್ಕಾರದ ಆಹಾರ ನೆರವು, ಬಡವರ ವೈದ್ಯಕೀಯ ನೆರವು ಪಡೆಯುವವರು ಯಾವ ಕಂಪನಿಗಳಲ್ಲಿ ಜಾಸ್ತಿ ಇದ್ದಾರೆ ಅಂತ ಕೆಲವು ರಾಜ್ಯಗಳ ಲೆಕ್ಕ ತೆಗೆದಾಗ ವಾಲ್‌ಮಾರ್ಟ್ ಮೊದಲ ಸಾಲಿನಲ್ಲಿತ್ತು. ಅಂದರೆ ಕಂಪನಿ ಕೊಡದೇ ಉಳಿಸಿದ ಸಂಬಳವನ್ನು ತೆರಿಗೆ ಕಟ್ಟುವವರು ತುಂಬಿಕೊಟ್ಟರು.

ಅಮೆರಿಕದ ಕಥೆ ನಮಗೆ ಯಾಕೆ ಅನ್ನಬೇಡಿ. ನಮ್ಮ ಕೆಳಗಿನ ಮನೆಯ ಹುಡುಗಿ ಕೆಲಸಕ್ಕೆ ಹೋಗುವುದು ಬಿಎಂಟಿಸಿಯಲ್ಲಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ತೆಗೆದುಕೊಂಡು. ಅವಳ ಅಮ್ಮನಿಗೆ ಗೃಹಲಕ್ಷ್ಮಿಯ 2000 ರೂಪಾಯಿ ಬಂದ ತಿಂಗಳು ಗ್ಯಾಸ್ ಸಿಲಿಂಡರಿನ ಚಿಂತೆ ಇಲ್ಲ. ಅಕ್ಕಿ ರೇಷನ್ ಅಂಗಡಿಯದು. ಈ ಯೋಜನೆಗಳು ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇರಲಿ. ಆದರೆ ಬಸ್ಸಿನ ದುಡ್ಡು, ಅಕ್ಕಿಯ ದುಡ್ಡು ಲೆಕ್ಕ ಹಾಕಿದರೆ ಅಂಗಡಿಯವರು ಕೊಡಬೇಕಾದ ಸಂಬಳದ ಒಂದು ಪಾಲು ನಮ್ಮ ತೆರಿಗೆಯಿಂದ ಹೋಗುತ್ತಿದೆ ಅಲ್ವಾ? ಆ ಬೇಳೆ ಪ್ಯಾಕೆಟ್ಟಿನಲ್ಲಿ ನಾನು ಉಳಿಸಿದ ನಾಲ್ಕು ಕಾಸಿನಲ್ಲಿ ಎಷ್ಟು ಅಂಗಡಿಯ ಜಾಣತನ, ಎಷ್ಟು ಅವಳ ಕಾಲು ನೋವು, ಎಷ್ಟು ನನ್ನದೇ ತೆರಿಗೆ? ನಿಮ್ಮ ಲೇಖನದಲ್ಲಿ ಈ ಲೆಕ್ಕ ಬರಲಿಲ್ಲ.

ಬೆಲೆ ಕಡಿಮೆ ಇಡಬೇಕು ಅಂದರೆ ಸಂಬಳವೂ ಕಡಿಮೆ ಇರಲೇಬೇಕು ಅನ್ನುವವರು ಇದ್ದಾರೆ. ಹಾಗೇನಿಲ್ಲ. ಅಮೆರಿಕದ್ದೇ ಕಾಸ್ಟ್‌ಕೊ ಅನ್ನುವ ಕಂಪನಿ ಇದೆ. ಕೊಂಡ ಬೆಲೆಯ ಮೇಲೆ ಸುಮಾರು 15 ಶೇಕಡಕ್ಕಿಂತ ಜಾಸ್ತಿ ಏರಿಸುವುದಿಲ್ಲ, ಆದರೂ ನೌಕರರಿಗೆ ಬೇರೆ ಅಂಗಡಿಗಳಿಗಿಂತ ಒಳ್ಳೆ ಸಂಬಳ ಕೊಡುತ್ತದೆ. ಜನ ಕೆಲಸ ಬಿಟ್ಟು ಹೋಗುವುದು ಕಡಿಮೆ. ವಾಲ್‌ಮಾರ್ಟ್ ಕೂಡ 2015ರಲ್ಲಿ ಆರಂಭದ ಸಂಬಳವನ್ನು ಗಂಟೆಗೆ 9 ಡಾಲರ್, ಮರುವರ್ಷ 10 ಡಾಲರ್ ಮಾಡಿತು. ಆಮೇಲೆ ಅಂಗಡಿ ಸ್ವಚ್ಛವಾಯಿತು, ಗ್ರಾಹಕರ ದೂರು ಕಡಿಮೆಯಾಯಿತು ಎಂದು ಕಂಪನಿಯೇ ಹೇಳಿಕೊಂಡಿತು. ಆಶ್ಚರ್ಯ ಏನಿದೆ? ನಮ್ಮಲ್ಲಿ ಭಾನುವಾರ ಸಂಜೆ ಹತ್ತು ಕೌಂಟರ್ ಇದ್ದೂ ನಾಲ್ಕರಲ್ಲಿ ಮಾತ್ರ ಜನ ಇರುತ್ತಾರೆ. ಕ್ಯೂ ಬೆಳೆಯುತ್ತದೆ, ಮಗು ಅಳುತ್ತದೆ, ಯಾರೋ ಹುಡುಗಿಯ ಮೇಲೆ ಕೂಗಾಡುತ್ತಾರೆ. ಕೂಗುವವರಿಗೂ ಕೂಗಿಸಿಕೊಳ್ಳುವವಳಿಗೂ ತೊಂದರೆ ಕೊಟ್ಟಿದ್ದು ಒಂದೇ ನಿರ್ಧಾರ, ಆರು ಜನರನ್ನು ಕಡಿಮೆ ಇಟ್ಟುಕೊಂಡಿದ್ದು. ಆ ನಿರ್ಧಾರ ತೆಗೆದುಕೊಂಡವರು ಮಾತ್ರ ಆ ಕ್ಯೂನಲ್ಲಿ ನಿಂತಿರುವುದಿಲ್ಲ.

ಹಾಗಂತ ನಮ್ಮ ಬೀದಿ ಶೆಟ್ಟರ ಅಂಗಡಿಯೇ ಸ್ವರ್ಗ ಅಂತ ಬರೆಯುವ ಚಾಳಿ ನನಗಿಲ್ಲ. ಶೆಟ್ಟರು ಸಾಲ ಕೊಡುತ್ತಾರೆ, ಮನೆಯವರ ಆರೋಗ್ಯ ವಿಚಾರಿಸುತ್ತಾರೆ, ಎಲ್ಲ ಸರಿ. ಆದರೆ ಅವರ ಅಂಗಡಿಯ ಹುಡುಗ ಬೆಳಗ್ಗೆ ಹಾಲು ಬರುವ ಹೊತ್ತಿಗೆ ಬಂದರೆ ರಾತ್ರಿ ಶಟರ್ ಎಳೆಯುವವರೆಗೂ ಇರುತ್ತಾನೆ. ಅವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ದೊಡ್ಡ ಅಂಗಡಿಯ ಹುಡುಗಿಗೆ ಏಜೆನ್ಸಿ ಮೂಲಕವಾದರೂ ಇಎಸ್‌ಐ ಕಾರ್ಡ್ ಇದೆ, ಜ್ವರ ಬಂದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ಇದು ಸಣ್ಣ ಮಾತಲ್ಲ. ಅದಕ್ಕೇ ದೊಡ್ಡ ಅಂಗಡಿಗಳು ಬೇಡ ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ದೊಡ್ಡವರು ಅಂದಮೇಲೆ ದೊಡ್ಡ ಮಾತು ಹೇಳುತ್ತಾರೆ, ಅದನ್ನು ನಡೆಸಿ ತೋರಿಸಿ ಅಂತ ಕೇಳುತ್ತಿದ್ದೇನೆ.

ಆನ್‌ಲೈನ್ ಅಂಗಡಿಗಳನ್ನೂ ಇದರಿಂದ ಬಿಡುವ ಹಾಗಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪುಸ್ತಕ ಮಾರುತ್ತಾ ಶುರುವಾದ ಕಂಪನಿ. 2018ರಲ್ಲಿ ಅದರ ಸುಮಾರು 77 ಶೇಕಡ ಪಾಲನ್ನು ವಾಲ್‌ಮಾರ್ಟ್ 1600 ಕೋಟಿ ಡಾಲರ್‌ಗೆ ಕೊಂಡಿತು. ಷೇರು ಪಾಲು ಸಿಕ್ಕಿದ್ದ ಆಫೀಸಿನ ಎಷ್ಟೋ ಹುಡುಗರು ಮನೆ ಕೊಂಡರು, ಸಂತೋಷ. ಆದರೆ ಈ ಉದ್ಯಮದಲ್ಲಿ ಡೆಲಿವರಿ ಹುಡುಗರು, ಗೋಡೌನಿನವರು ಬಹುಪಾಲು ಗುತ್ತಿಗೆಯವರು. ಯಾರ ಹೆಗಲ ಮೇಲೆ ಡಬ್ಬ ನಮ್ಮ ಮೂರನೇ ಮಹಡಿಗೆ ಬಂತೋ ಅವರಿಗೆ ಷೇರು ಬರುವುದಿಲ್ಲ. ಆ್ಯಪ್ ಮೂಲಕ ಕೆಲಸ ಪಡೆದು ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ನಮ್ಮ ಸರ್ಕಾರ ಕಾನೂನು ತಂದಿದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ 1ರಿಂದ 5 ಶೇಕಡದಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು ಅಂತ. ಒಳ್ಳೆಯ ಕೆಲಸ, ಹೊಗಳಲೇಬೇಕು. ರಸ್ತೆಯಲ್ಲಿ ಓಡಾಡುವವರು ಕಣ್ಣಿಗೆ ಬಿದ್ದರು. ಎಸಿ ಒಳಗೆ ನಿಂತವರು ಇನ್ನೂ ಬಿದ್ದಿಲ್ಲ.

ಸರ್ಕಾರಕ್ಕೆ ನನ್ನ ಕೋರಿಕೆ ಇಷ್ಟೇ. ಕೇರಳ, ತಮಿಳುನಾಡಿನ ಹಾಗೆ ನಮ್ಮ ಅಂಗಡಿ ಕಾಯ್ದೆಯಲ್ಲೂ ಕೂರುವ ಹಕ್ಕನ್ನು ನೇರವಾಗಿ ಬರೆಯಿರಿ, ಬರೆದ ಮೇಲೆ ಕಾರ್ಮಿಕ ನಿರೀಕ್ಷಕರು ಹಬ್ಬದ ಸೇಲ್ ದಿನವೇ ಹೋಗಿ ನೋಡಲಿ, ಮಂಗಳವಾರ ಮಧ್ಯಾಹ್ನ ಖಾಲಿ ಅಂಗಡಿಗೆ ಹೋಗಿ ಎಲ್ಲ ಸರಿಯಿದೆ ಅಂತ ಬರೆದುಕೊಂಡು ಬರುವುದು ಬೇಡ. ಅಂಗಡಿಗಳಿಗೂ ಒಂದು ಮಾತು. ಗೋಡೆ ಮೇಲಿನ ಧ್ಯೇಯವಾಕ್ಯದ ಪಕ್ಕದಲ್ಲೇ ಇಲ್ಲಿ ಎಷ್ಟು ಜನ ಕಂಪನಿಯ ನೌಕರರು, ಎಷ್ಟು ಜನ ಏಜೆನ್ಸಿಯವರು ಅಂತ ಹಾಕಿ. ನಮಗೆ ಮೊಬೈಲ್ ನಂಬರ್ ಕೇಳುವ ಧೈರ್ಯ ನಿಮಗಿದೆಯಲ್ಲ, ನಿಮಗೆ ಈ ನಂಬರ್ ಕೇಳುವ ಹಕ್ಕು ನಮಗೂ ಇದೆ.

ಇನ್ನು ನಿಮ್ಮ ಪತ್ರಿಕೆಗೆ. ಮುಂದಿನ ಸಲ ಇಂಥ ಲೇಖನ ಮಾಡುವಾಗ ನಿಮ್ಮ ವರದಿಗಾರರು ಮ್ಯಾನೇಜರ್ ಕೊಟ್ಟ ಕಾಫಿ ಕುಡಿದು ವಾಪಸ್ ಬರುವುದು ಬೇಡ. ಕೌಂಟರಿನವರನ್ನೂ ಮಾತಾಡಿಸಲಿ. ಅಂಗಡಿ ಒಳಗೆ ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ತಲೆ ಮೇಲೆ ಕ್ಯಾಮೆರಾ ಇದೆ. ರಾತ್ರಿ ಹತ್ತರ ಮೇಲೆ ಬಸ್ ಸ್ಟಾಪಿನಲ್ಲಿ ಕೇಳಲಿ, ಹೆಸರು ಹಾಕುವುದಿಲ್ಲ ಅಂತ ಮಾತು ಕೊಟ್ಟು ಕೇಳಲಿ.

ಇಂತಿ,
ನಿವೃತ್ತ ಬ್ಯಾಂಕ್ ನೌಕರಳು
ಬಸವೇಶ್ವರನಗರ, ಬೆಂಗಳೂರು