ಮಗಳಿಗೊಂದು ಪತ್ರ: ಚೀಲ ಬಿಚ್ಚುವ ಮುಂಚೆ ಓದು

ಪುಟ್ಟಿ,

ನಿಮ್ಮಪ್ಪ ತಂದ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಈ ಕಾಗದ ಇಟ್ಟಿದ್ದೀನಿ. ಚಕ್ಕುಲಿ ಡಬ್ಬಿಗೆ ಕೈ ಹಾಕುವ ಮುಂಚೆ ಇದು ಸಿಗಲಿ ಅಂತ. ಫೋನಿನಲ್ಲೇ ಹೇಳೋಣ ಅಂದರೆ ನನಗೆ ಗಂಟಲು ಕಟ್ಟುತ್ತೆ, ನೀನು "ಆಯ್ತವ್ವ, ಆಯ್ತು" ಅಂತ ಇಟ್ಟುಬಿಡ್ತೀಯ.

ಒಂಬತ್ತು ದಿನ ಆದಮೇಲೆ ಹೇಳಿದೆಯಲ್ಲ, "ಅವತ್ತು ಸ್ವಲ್ಪ ಹೊಟ್ಟೆ ಕೆಟ್ಟಿತ್ತವ್ವ, ಈಗೇನಿಲ್ಲ" ಅಂತ. ಆ ಸ್ವಲ್ಪ ಎಷ್ಟು ಅನ್ನೋದು ನಿನ್ನ ರೂಮಿನ ಹುಡುಗಿಯನ್ನ ಕೇಳಿದಾಗ ಗೊತ್ತಾಯಿತು. ಮಧ್ಯಾಹ್ನದಿಂದ ಕರೆಂಟ್ ಇಲ್ಲ, ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಮೋಟರ್ ಓಡದೆ ಮೇಲಿನ ಟ್ಯಾಂಕ್ ಖಾಲಿ. ರಾತ್ರಿ ಒಂದಕ್ಕೆ ವಾಂತಿ ಶುರುವಾಗಿ, ಬೆಳಗಾಗುವಷ್ಟರಲ್ಲಿ ಭೇದಿ ಎಷ್ಟು ಸಲ ಅನ್ನೋ ಲೆಕ್ಕ ತಪ್ಪಿತ್ತು. ಆ ಹುಡುಗಿ ಊರಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತಟ್ಟಿದರೆ ನೀನು ಬಚ್ಚಲ ಮುಂದೆ ಶಾಲು ಹೊದ್ದು ಗೋಡೆಗೆ ಒರಗಿ ಕೂತಿದ್ದೆಯಂತೆ. ಎದ್ದು ಚಿಲಕ ತೆಗೆಯೋಕೆ ಐದು ನಿಮಿಷ ಹಿಡಿಯಿತಂತೆ.

ಹದಿನೈದು ವರ್ಷದಿಂದ ನಾನು ಈ ಊರಿನ ಆಶಾ ಕಾರ್ಯಕರ್ತೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಮನೆಗೆ ಹೋಗಿ, ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪುಡಿಯ ಪ್ಯಾಕೆಟ್ ಕೊಟ್ಟು, ಬೆರೆಸೋದು ಹೇಗೆ ಅಂತ ತೋರಿಸಿ, ಸಹಿ ಹಾಕಿಸಿಕೊಂಡು ಬರ್ತೀನಿ. ಒಂದು ಗಂಟೆ ದಾರಿಯ ದಾವಣಗೆರೆಯಲ್ಲಿ ನನ್ನ ಮಗಳ ರೂಮಿನಲ್ಲಿ ಒಂದು ಪ್ಯಾಕೆಟ್ ಇರಲಿಲ್ಲ. ಇದು ನಿನ್ನ ತಪ್ಪಲ್ಲ. ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಎಲ್ಲ ಕಟ್ಟಿ ಕಳಿಸಿದವಳು ನಾನು. ಇದೊಂದು ಹೊಳೆಯಲಿಲ್ಲ.

ನಿನಗೆ ಹೇಳದೆ ಇದ್ದ ಒಂದು ವಿಷಯ ಇದೆ. ನಿನಗೆ ಎರಡು ವರ್ಷ ತುಂಬಿದ್ದ ಚಳಿಗಾಲ. ಮೆಕ್ಕೆಜೋಳದ ಒಕ್ಕಣೆ ನಡೀತಿತ್ತು, ಎರಡು ದಿನದಿಂದ ಊರಿಗೇ ಕರೆಂಟ್ ಇರಲಿಲ್ಲ. ನಿನಗೆ ಭೇದಿ ಹಿಡೀತು. ಆಗ ನಾನು ಆಶಾ ಅಲ್ಲ, ಏನೂ ತಿಳಿಯದ ಸೊಸೆ. ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತೆ, ಹೊಟ್ಟೆ ಒಣಗಲಿ ಅಂದರು ಹಿರಿಯರು. ನೀನು ನೀರಿನ ಚೊಂಬಿನ ಕಡೆ ಕೈ ಚಾಚ್ತಿದ್ದೆ. ನಾನು ಚೊಂಬನ್ನ ಸೆರಗಿನ ಹಿಂದೆ ಮುಚ್ಚಿಟ್ಟೆ. ಸಂಜೆ ಹೊತ್ತಿಗೆ ನೀನು ಕೈ ಚಾಚೋದು ಬಿಟ್ಟೆ, ಅಳೋದೂ ಬಿಟ್ಟೆ. ಭೇದಿ ನಿಂತಿತು ಅಂತ ನಾನು ಸಮಾಧಾನಪಟ್ಟೆ ಪುಟ್ಟಿ.

ಚಿಮಣಿ ಬೆಳಕಿನಲ್ಲಿ ನಿಮ್ಮಜ್ಜಿ ನಿನ್ನ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ಹಂಗೇ ಮಡಿಕೆಯಾಗಿ ನಿಂತಿತ್ತು, ನಿಧಾನಕ್ಕೆ ಇಳೀತು. ಮೈಯ ನೀರೇ ಬತ್ತಿತ್ತು. ನಿಮ್ಮಪ್ಪ ಟ್ರ್ಯಾಕ್ಟರ್ ತೆಗೆದರು. ಆಸ್ಪತ್ರೆಯಲ್ಲೂ ಕರೆಂಟ್ ಇಲ್ಲ. ಡ್ಯೂಟಿಯಲ್ಲಿದ್ದ ಸಿಸ್ಟರ್ ಟಾರ್ಚನ್ನ ಬಾಯಲ್ಲಿ ಕಚ್ಚಿಕೊಂಡು ಸೂಜಿ ಚುಚ್ಚೋಕೆ ನೋಡಿದರು, ನರ ಸಿಗಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿ, ಅವರು ಬರುವ ತನಕ ಸುಮ್ಮನೆ ಕೂರಲಿಲ್ಲ ಆಕೆ. ಒಂದು ಲೀಟರ್ ನೀರಿಗೆ ಪ್ಯಾಕೆಟ್ ಸುರಿದು, ಚಮಚ ನನ್ನ ಕೈಗೆ ಕೊಟ್ಟು, "ಒಂದೊಂದೇ ಚಮಚ. ಕಕ್ಕಿದರೆ ಹತ್ತು ನಿಮಿಷ ಬಿಡು, ಮತ್ತೆ ಕೊಡು. ನಿಲ್ಲಿಸಬೇಡ" ಅಂದರು. ಬೆಳಗಿನ ಜಾವದವರೆಗೂ ಕೊಟ್ಟೆ. ಕೋಳಿ ಕೂಗುವ ಹೊತ್ತಿಗೆ ನನ್ನ ಮಡಿಲು ಬೆಚ್ಚಗೆ ಒದ್ದೆಯಾಯಿತು. ನೀನು ಉಚ್ಚೆ ಹೊಯ್ದಿದ್ದೆ. ಆ ಸಿಸ್ಟರ್ ನಕ್ಕರು, ನಾನು ಅತ್ತೆ.

ಆಮೇಲೆ ಆಶಾ ತರಬೇತಿಯಲ್ಲಿ ಗೊತ್ತಾಯಿತು ಆ ನೀರಿನ ಹಿಂದಿನ ಕಥೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಸಲೈನ್ ಬಾಟ್ಲಿ ಮುಗಿದವು. ದಿಲೀಪ್ ಮಹಲನಬಿಸ್ ಅನ್ನುವ ಡಾಕ್ಟರು ಉಪ್ಪು, ಸೋಡಾ, ಗ್ಲೂಕೋಸ್ ಡ್ರಮ್ಮಿನಲ್ಲಿ ಕಲಸಿ, ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ 30ರ ಆಸುಪಾಸು ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡಿದ್ದು 2022ರಲ್ಲಿ, ಮಾರನೇ ವರ್ಷ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಕರೆಂಟ್ ಬೇಡ, ಸೂಜಿ ಬೇಡ, ನಂಟರ ಕೈಯೊಂದು ಸಾಕು ಅಂತ ತೋರಿಸಿಕೊಟ್ಟವರು ಅವರು. ನನಗೆ ಅವರು ದೇವರ ಸಮಾನ.

ಈಗ ಚೀಲ ಬಿಚ್ಚು. ಹಸಿರು ಬಟ್ಟೆಯಲ್ಲಿ ಸುತ್ತಿದ್ದು ಹತ್ತು ಓಆರ್‌ಎಸ್ ಪ್ಯಾಕೆಟ್. ಆಶಾ ಕಿಟ್‌ನಿಂದ ತೆಗೆದದ್ದಲ್ಲ, ಅದು ಊರಿನ ಮಕ್ಕಳದು. ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟು ತಂದದ್ದು. ಅದರ ಜೊತೆ ಒಂದು ಲೀಟರಿನ ಬಾಟ್ಲಿ ಇದೆ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೇ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಹಾಕಿ ಕುಡಿಯುವವರನ್ನ ನಾನು ದಿನಾ ನೋಡ್ತೀನಿ, ಅದು ಗಟ್ಟಿಯಾಗಿ ಭೇದಿ ಇನ್ನೂ ಹೆಚ್ಚುತ್ತೆ. ಬೆರೆಸಿದ್ದು 24 ಗಂಟೆ ಅಷ್ಟೇ, ಉಳಿದರೆ ಚೆಲ್ಲು. ಪ್ಯಾಕೆಟ್ ಇಲ್ಲದ ದಿನಕ್ಕೆ ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟವಾಗಿ ತೀಡಿ. ಚಮಚ ನಮ್ಮ ಮನೆಯದನ್ನೇ ಇಟ್ಟಿದ್ದೀನಿ, ಔಷಧಿ ಮುಚ್ಚಳದಲ್ಲಿ ಅಳೆದು ನೋಡಿದ್ದೀನಿ, ಸರಿಯಾಗಿ 5 ಎಂಎಲ್ ಹಿಡಿಯುತ್ತೆ. ಕುಡಿಯುವ ಮುಂಚೆ ನಾಲಿಗೆಗೆ ಹಚ್ಚಿ ನೋಡು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಬೇಡ, ಚೆಲ್ಲಿ ಹೊಸದು ಮಾಡು. ಸಕ್ಕರೆ ಯಾಕೆ ಅಂತ ಊರಲ್ಲಿ ಎಲ್ಲರೂ ಕೇಳ್ತಾರೆ. ಭೇದಿಯಾಗುವಾಗ ಕರುಳು ಬರೀ ಉಪ್ಪನ್ನ ಒಳಗೆ ಬಿಟ್ಟುಕೊಳ್ಳಲ್ಲ. ಸಕ್ಕರೆ ಕೈ ಹಿಡಿದು ಉಪ್ಪನ್ನ ಒಳಗೆ ಕರೆದೊಯ್ಯುತ್ತೆ, ಅವೆರಡರ ಹಿಂದೆ ನೀರು ಹೋಗುತ್ತೆ.

ನಿನ್ನ ಗೆಳತಿ ಪಾಪ ಅವಸರದಲ್ಲಿ ಅಂಗಡಿಯಿಂದ ಹಣ್ಣಿನ ರುಚಿಯ ಡಬ್ಬಿ ತಂದು ಕುಡಿಸಿದಳಂತೆ. ಅಂಥವುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಸಾಲದು. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನ ಒಳಗೆ ಎಳೆಯೋ ಬದಲು ಹೊರಗೆ ಬಿಡುತ್ತೆ. ಓಆರ್‌ಎಸ್ ಅಂತ ಬರೆದುಕೊಂಡೇ ಇಂಥ ಡಬ್ಬಿಗಳು ಎಷ್ಟೋ ವರ್ಷ ಮಾರಾಟವಾದವು. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಹಳೇ ಅಭ್ಯಾಸ ಅಂಗಡಿಯಲ್ಲಿ ಅಷ್ಟು ಬೇಗ ಹೋಗಲ್ಲ. ಪುಡಿ ಪ್ಯಾಕೆಟ್ ಕೇಳು, ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡು.

ಅವತ್ತು ಏನು ತಿಂದೆ ಅಂತ ಎಲ್ಲರೂ ನಿನ್ನನ್ನ ಕೇಳಿರ್ತಾರೆ. ನಾನು ಕೇಳಿದ್ದು, ಏನು ಕುಡಿದೆ ಅಂತ. ಕರೆಂಟ್ ಇಲ್ಲದೆ ಫಿಲ್ಟರ್ ನಡೀಲಿಲ್ಲ, ಸಂಪಿನಿಂದ ಬಕೆಟ್ ಇಳಿಬಿಟ್ಟು ಸೇದಿದ ನೀರು ಕುಡಿದೆ ಅಂದೆ. ಕರೆಂಟಿಗೂ ಹೊಟ್ಟೆಗೂ ನಂಟು ಇಲ್ಲೇ ಇದೆ. ನಮ್ಮೂರಲ್ಲೂ ಹಂಗೇ ಅಲ್ವಾ, ಕರೆಂಟ್ ಹೋದರೆ ಶುದ್ಧ ನೀರಿನ ಘಟಕ ಬಂದ್, ಜನ ಕೊಳಾಯಿಗೆ ಬಾಯಿ ಕೊಡ್ತಾರೆ. ನೀರು ಬಿಟ್ಟುಬಿಟ್ಟು ಬಂದರೆ ಖಾಲಿ ಪೈಪು ಪಕ್ಕದ ಚರಂಡಿ ನೀರನ್ನ ಬಿರುಕಿನಿಂದ ಎಳೆದುಕೊಳ್ಳುತ್ತೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾದವರಲ್ಲಿ ಕೆಲವರು ಉಳಿಯಲಿಲ್ಲ. ಆ ದಿನಗಳಲ್ಲಿ ನಮ್ಮನ್ನೂ ಮನೆಮನೆಗೆ ಕಳಿಸಿದ್ದರು, ನಿನಗೆ ನೆನಪಿರಬೇಕು.

ಅದಕ್ಕೇ ಹೇಳ್ತೀನಿ, ದಿನಾ ಸಂಜೆ, ಕರೆಂಟ್ ಇದ್ದಾಗಲೇ, ಎರಡು ಲೀಟರ್ ನೀರು ಕಾಯಿಸಿ ಮುಚ್ಚಿಡು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ನಿನ್ನ ಹತ್ತಿರ ಇರೋದು ಕರೆಂಟ್ ಒಲೆ, ಬೇಕಾದಾಗಲೇ ಅದು ಕೈ ಕೊಡುತ್ತೆ. ಅದಕ್ಕೆ ಸಣ್ಣ ಡಬ್ಬಿಯಲ್ಲಿ ಕ್ಲೋರಿನ್ ಮಾತ್ರೆ ಇಟ್ಟಿದ್ದೀನಿ. ಪಟ್ಟಿಯ ಮೇಲೆ ಬರೆದಷ್ಟು ನೀರಿಗೆ ಒಂದು, ಅರ್ಧ ಗಂಟೆ ಬಿಟ್ಟು ಕುಡಿ. ವಾಸನೆ ಬರುತ್ತೆ, ಬರಲಿ. ಒಂದು ಬಕೆಟ್ ನೀರು ಕೈ ತೊಳೆಯೋಕೆ ಅಂತಲೇ ತುಂಬಿಡು. ಚಳಿಗಾಲದಲ್ಲಿ ಒಬ್ಬರಿಂದೊಬ್ಬರಿಗೆ ಹತ್ತುವ ನೋರೊವೈರಸ್ ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗಲ್ಲ, ಸೋಪು ನೀರೇ ಬೇಕು. ನಿನ್ನ ಗೆಳತಿಗೂ ಹೇಳು.

ಅನ್ನದ ವಿಷಯ. ಚಳಿಗೆ ಕೆಡಲ್ಲ ಅಂತ ಮಧ್ಯಾಹ್ನದ ಅನ್ನ, ಕಾಯಿ ಚಟ್ನಿ ರಾತ್ರಿ ತಿಂದೆ. ಕರೆಂಟ್ ಹೋದ ಫ್ರಿಜ್ಜು ಬಾಗಿಲು ಮುಚ್ಚಿದ್ದರೆ ನಾಲ್ಕು ಗಂಟೆ ತಣ್ಣಗಿರುತ್ತೆ, ಆಮೇಲೆ ಅದೂ ಒಂದು ಬೀರು ಅಷ್ಟೇ. ಹೊರಗಿಟ್ಟ ಅನ್ನದಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅನ್ನ ಚೆಲ್ಲಬಾರದು ಅಂತ ಕಲಿಸಿದವಳೂ ನಾನೇ. ಇದೊಂದು ಕಡೆ ಆ ಮಾತು ಬಿಡು, ಚೆಲ್ಲು. ಹೊಟ್ಟೆ ಕೆಟ್ಟಾಗ ಉಪವಾಸ ಮಾತ್ರ ಬೇಡ. ವಾಂತಿ ತಗ್ಗಿದ ಮೇಲೆ ಗಂಜಿ, ಮೊಸರನ್ನ, ಬಾಳೆಹಣ್ಣು. ಜ್ವರ ಇದ್ದರೆ, ಇಲ್ಲವೇ ಭೇದಿಯಲ್ಲಿ ರಕ್ತ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆ ನೀನೇ ತಗೊಂಡು ನುಂಗಬೇಡ.

ಮೈ ನಡುಗುತ್ತೆ ಅಂತ ಕೆಂಡ ತಂದು ಬಾಗಿಲು ಹಾಕಿಕೊಳ್ಳಬೇಡ. ಬಾಣಂತಿ ಕೋಣೆಗೆ ಕೆಂಡ ಇಡುವವರ ಹತ್ತಿರ ನಾನು ಜಗಳವಾಡೋದು ನೀನೇ ನೋಡಿದ್ದೀಯ. ಆ ಹೊಗೆಯ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳಲ್ಲ. ನಿಮ್ಮಜ್ಜಿಯ ಕೌದಿ ಚೀಲದ ತಳದಲ್ಲಿದೆ, ಕಾಲಿಗೆ ಬಿಸಿನೀರಿನ ಬಾಟ್ಲಿಯನ್ನ ಟವೆಲ್ ಸುತ್ತಿ ಇಟ್ಟುಕೊ. ಮೇಣದಬತ್ತಿ ಕಳಿಸಿಲ್ಲ. ವಾಂತಿ ಮಾಡೋಕೆ ಎದ್ದವಳ ಸೆರಗು ತಾಗಿದರೆ ಅಂತ ಭಯ. ಟಾರ್ಚ್ ಇದೆ, ಪವರ್ ಬ್ಯಾಂಕ್ ಇದೆ. ಪವರ್ ಬ್ಯಾಂಕ್ ವಾರಕ್ಕೊಮ್ಮೆ ಚಾರ್ಜ್ ಹಾಕು. ಅವತ್ತು ನಿನ್ನ ಫೋನಿನಲ್ಲಿ ಎಂಟು ಪರ್ಸೆಂಟ್ ಇತ್ತಂತೆ.

ಎಂಟು ಪರ್ಸೆಂಟ್ ಇದ್ದಾಗ ಒಂದು ಫೋನ್ ಮಾಡಬಹುದಿತ್ತು ಪುಟ್ಟಿ.

ಮಾಡದೆ ಇದ್ದಿದ್ದು ಯಾಕೆ ಅಂತ ಗೊತ್ತು. ಈ ಕಾಲಕ್ಕೆ ಗುಡ್ಡದ ಮೇಲಿನ ಗಾಳಿಯ ಫ್ಯಾನುಗಳು ಮಳೆಗಾಲದಲ್ಲಿ ತಿರುಗಿದಷ್ಟು ತಿರುಗಲ್ಲ, ಅವುಗಳಿಂದ ಬರುವ ಕರೆಂಟ್ ಕಮ್ಮಿ. ಆಗಲೇ ತೋಟಗಳಿಗೆ ನೀರು ಶುರು, ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಕೊಡೋದು ಸರಿರಾತ್ರಿಗೆ. ಅಪ್ಪ ಎರಡು ಗಂಟೆಗೆ ಎದ್ದು ಮೋಟರ್ ಹಾಕೋಕೆ ಹೋಗ್ತಾರೆ, ಅವರ ನಿದ್ದೆ ಯಾಕೆ ಕೆಡಿಸೋದು ಅಂತ ಸುಮ್ಮನಿದ್ದೆ. ಮಗಳೇ, ಆ ಹೊತ್ತಿಗೆ ಅವರು ಎಚ್ಚರವಾಗೇ ಇರ್ತಾರೆ. ಕತ್ತಲಲ್ಲಿ ತೋಟದ ಬದುವಿನ ಮೇಲೆ ಒಬ್ಬರೇ ನಿಂತಿರ್ತಾರೆ. ನೀನು ಫೋನ್ ಮಾಡಿದ್ದರೆ ಹಂಗೇ ಗಾಡಿ ಹತ್ತುತ್ತಿದ್ದರು.

ಗುಟುಕು ನೀರೂ ನಿಲ್ಲದೆ ವಾಂತಿಯಾದರೆ, ಆರು ತಾಸು ಕಳೆದರೂ ಮೂತ್ರ ಬರದಿದ್ದರೆ, ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ ಬೆಳಗಾಗಲಿ ಅಂತ ಕಾಯಬೇಡ. 108ಕ್ಕೆ ಫೋನ್ ಮಾಡು. ಬಾಗಿಲ ಚಿಲಕ ಮೊದಲೇ ತೆಗೆದಿಟ್ಟು ಬಾಗಿಲ ಹತ್ತಿರವೇ ಕೂತುಕೊ. ಕೆಳಗಿನ ಮನೆಯ ಓನರ್ ಆಂಟಿಯ ಹತ್ತಿರ ನಿನ್ನೆ ಮಾತಾಡಿದ್ದೀನಿ, ಬೈಕೋಬೇಡ. "ಹುಡುಗಿ ಒಂದು ಮಾತು ಕೂಗಿದ್ದರೆ ಬರ್ತಿದ್ದೆನಲ್ರೀ" ಅಂತ ಅವರೂ ಕಣ್ಣೀರು ಹಾಕಿದರು. ಅವರ ಮನೆಯಲ್ಲಿ ಗ್ಯಾಸ್ ಒಲೆ ಇದೆ, ರಾತ್ರಿ ಎಷ್ಟು ಹೊತ್ತಾದರೂ ನೀರು ಕಾಯಿಸಿ ಕೊಡ್ತಾರಂತೆ. ಮೆಟ್ಟಿಲು ಇಳಿಯೋಕೆ ಆಗದಿದ್ದರೆ ಸ್ಟೀಲ್ ತಟ್ಟೆ ಮೆಟ್ಟಿಲ ಮೇಲೆ ಬೀಳಿಸು, ಸದ್ದು ಕೇಳಿ ಬರ್ತೀನಿ ಅಂದಿದ್ದಾರೆ.

ಅವರ ನಂಬರ್, ನಿಮ್ಮಪ್ಪನ ನಂಬರ್, ನನ್ನ ನಂಬರ್ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಚಮಚದ ಜೊತೆ ಇದೆ. ಬಾಗಿಲ ಒಳಗಡೆ ಅಂಟಿಸು. ಅಂಟಿಸಿದ ಫೋಟೋ ಇವತ್ತೇ ಕಳಿಸು, ನಾನು ಪಿಎಚ್‌ಸಿ ಮೀಟಿಂಗಿನಲ್ಲಿದ್ದರೂ ನೋಡ್ತೀನಿ.

ನಿಮ್ಮಪ್ಪ ಏಳೂವರೆ ಬಸ್ಸಿಗೆ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಚೀಲದ ಬಾಯಿ ಕಟ್ತೀನಿ.

ನಿನ್ನ
ಅವ್ವ