ಕಾಟನ್ ಕ್ಲಬ್: ಕದ್ದುಮುಚ್ಚಿ ನಡೆದದ್ದಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ಜಾಝ್ ಲೇಖನ ನ್ಯೂಯಾರ್ಕಿನ ಕಾಟನ್ ಕ್ಲಬ್ಬನ್ನು ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಕೂತು ಕುಡಿಯುತ್ತಿದ್ದ ಗುಪ್ತ ನೆಲಮಾಳಿಗೆ ಎಂದು ಬಣ್ಣಿಸಿದೆ. ಅದು ಗುಪ್ತವೂ ಅಲ್ಲ, ನೆಲಮಾಳಿಗೆಯೂ ಅಲ್ಲ. ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂ ಮತ್ತು 142ನೇ ಬೀದಿ ಕೂಡುವಲ್ಲಿ, ಮಹಡಿಯ ಮೇಲೆ, ಸುಮಾರು 700 ಜನ ಹಿಡಿಸುವ ಸಭಾಂಗಣ ಅದು. ಬಾಕ್ಸರ್ ಜ್ಯಾಕ್ ಜಾನ್ಸನ್ 1920ರಲ್ಲಿ ಅಲ್ಲಿ ‘ಕ್ಲಬ್ ಡೀಲಕ್ಸ್’ ತೆರೆದಿದ್ದರು. ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ 1923ರಲ್ಲಿ ಅದು ಕಳ್ಳಬಿಯರ್ ದೊರೆ ಓನಿ ಮ್ಯಾಡನ್ ಕೈಗೆ ಬಂದು ಹೆಸರು ಬದಲಾಯಿತು. ವೇದಿಕೆಯ ಮೇಲಿದ್ದವರೆಲ್ಲ ಕಪ್ಪು ಕಲಾವಿದರು. ಮೇಜುಗಳು ಮಾತ್ರ ಬಿಳಿಯರಿಗೆ. ಕುಣಿಯುವ ಹುಡುಗಿಯರೂ ತಿಳಿಬಣ್ಣದವರೇ ಆಗಿರಬೇಕಿತ್ತು.

ಬಿಯರ್ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಲೇಖನ ಮುಟ್ಟಿಯೇ ಇಲ್ಲ. ಪಾನನಿಷೇಧದಲ್ಲೂ ಶೇ 0.5ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವ ಬಿಯರ್ ತಯಾರಿಸಲು ಕಾನೂನಿನಲ್ಲೇ ಅವಕಾಶವಿತ್ತು. ಅದಕ್ಕೆ ಮೊದಲು ನಿಜವಾದ ಬಿಯರನ್ನೇ ಹುದುಗಿಸಿ, ಆಮೇಲೆ ಆಲ್ಕೋಹಾಲ್ ತೆಗೆಯುವುದು ಸಾಮಾನ್ಯ ಪದ್ಧತಿ. ಕೊನೆಯ ಆ ಒಂದು ಹಂತ ಬಿಟ್ಟರೆ ಸಾಕು, ಪರವಾನಗಿಯ ನೆರಳಲ್ಲೇ ಕಳ್ಳಮಾಲು ಸಿದ್ಧ! ಆದರೂ 1925ರಲ್ಲಿ ಕ್ಲಬ್ಬಿಗೆ ಕೆಲಕಾಲ ಬೀಗ ಬಿತ್ತು.

ಸಂಗೀತದ ಭಾಗ ಇನ್ನೂ ತೆಳು. 1927ರ ಡಿಸೆಂಬರ್ 4ರಂದು ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಬಂದಾಗ ತಂಡವನ್ನು 11 ಜನರಿಗೆ ಹಿಗ್ಗಿಸಿಕೊಂಡಿದ್ದರು. ಅಲ್ಲಿ ಬರೀ ಹಾಡುಗಳಿಗೆ ಸಾಥ್ ಕೊಟ್ಟರೆ ಸಾಲದು. ಕುಣಿತಕ್ಕೆ, ಹಾಸ್ಯಕ್ಕೆ, ದೃಶ್ಯ ಬದಲಾಗುವ ನಡುವಿನ ಬಿಡುವಿಗೆಲ್ಲ ಬೇರೆ ಬೇರೆ ಸಂಗೀತ ಬೇಕು. ಅವರ ರಚನೆಗಳಲ್ಲಿ ಅಷ್ಟು ಬಣ್ಣ ಬಂದದ್ದು ಈ ಒತ್ತಡದಿಂದಲೂ ಹೌದು.

ಲೇಖಕರು ‘ವಿಚಿತ್ರ ಕಿರುಚಾಟ’ ಎಂದು ತಳ್ಳಿಹಾಕಿದ ನಾದ ಎಲಿಂಗ್ಟನ್ ತಂಡದ ಬಬರ್ ಮೈಲಿಯ ಟ್ರಂಪೆಟ್‌ನದು. ವಾದ್ಯದ ಅಗಲ ತುದಿಯೊಳಗೆ ಸಣ್ಣ ಮ್ಯೂಟ್ (ನಾದ ಬದಲಿಸುವ ಬಿರಡೆ) ಸಿಕ್ಕಿಸಿ, ಹೊರಗೆ ಸಿಂಕ್ ಕಟ್ಟಿದಾಗ ಬಳಸುವ ರಬ್ಬರ್ ಬಟ್ಟಲನ್ನು ಎಡಗೈಯಲ್ಲಿ ಮುಚ್ಚುತ್ತ ತೆರೆಯುತ್ತ, ಜತೆಗೆ ಗಂಟಲಲ್ಲೇ ಗುರುಗುಟ್ಟಬೇಕು. ಒಳಗಿನ ಮ್ಯೂಟ್‌ನಿಂದ ಶ್ರುತಿ ಏರುತ್ತದೆ; ಕೊಳವೆಯ ಉದ್ದ ಹೊಂದಿಸುವ ಟ್ಯೂನಿಂಗ್ ಸ್ಲೈಡನ್ನು ತುಸು ಹೊರಗೆಳೆದು ಸರಿಪಡಿಸದಿದ್ದರೆ ಇಡೀ ತಂಡಕ್ಕೆ ಅಪಶ್ರುತಿ. ಕಿರುಚುವುದಕ್ಕೆ ಇಷ್ಟು ಲೆಕ್ಕಾಚಾರ ಬೇಕಿಲ್ಲ. ಈ ನಾದವನ್ನು ದೇಶಕ್ಕೆಲ್ಲ ಮುಟ್ಟಿಸಿದ್ದು ಕ್ಲಬ್ಬಿನಿಂದ ನೇರವಾಗಿ ಬರುತ್ತಿದ್ದ ರೇಡಿಯೊ ಪ್ರಸಾರ.

ಪಾನನಿಷೇಧ ಮುಗಿದೊಡನೆ ಕ್ಲಬ್ ಮುಚ್ಚಿತೆಂಬ ಲೇಖನದ ಮಾತೂ ಸರಿಯಲ್ಲ. ನಿಷೇಧ ಹೋದದ್ದು 1933ರ ಡಿಸೆಂಬರ್ 5ರಂದು. ಹಾರ್ಲೆಮ್‌ನ ಬಾಗಿಲು ಹಾಕಿದ್ದು 1935ರ ಗಲಭೆಯ ನಂತರ, 1936ರಲ್ಲಿ. ಅದೇ ವರ್ಷ ಬ್ರಾಡ್‌ವೇ ಕಡೆ ಮತ್ತೆ ತೆರೆದು, 1940ರವರೆಗೂ ನಡೆಯಿತು.

– ಓದುಗ, ಮೈಸೂರು